ಬೆರೆತ ದನಿಗಳನ್ನು ಬಿಡಿಸುವುದು ಹೇಗೆ? ಮಟ್ಟಾಂಚೇರಿಯ ಚಾವಡಿಯಿಂದ ಶುರು

ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ಚೆರಳಾಯಿ ಎಂಬಲ್ಲಿ ನನ್ನ ದೊಡ್ಡಮ್ಮನ ಮನೆ. ಚಾವಡಿಗೆ ಕಾವಿ ನೆಲ, ಸುಣ್ಣ ಬಳಿದ ಗೋಡೆ, ಮೇಲೆ ಕಾಂಕ್ರೀಟಿನ ತಾರಸಿ. ಒಂದು ಮಂಚ, ಎರಡು ಕುರ್ಚಿ ಬಿಟ್ಟರೆ ಬೇರೆ ಸಾಮಾನಿಲ್ಲ. ದೊಡ್ಡಮ್ಮ ಕಾಸರಗೋಡು ಕಡೆಯಿಂದ ಮದುವೆಯಾಗಿ ಬಂದವರು, ಅವರ ಬಾಯಲ್ಲಿ ಕನ್ನಡ. ಪಕ್ಕದ ಮನೆಯ ಅಜ್ಜಿಯದು ಕೊಂಕಣಿ. ಐವತ್ತು ವರ್ಷದಿಂದ ಇಬ್ಬರೂ ತಂತಮ್ಮ ಭಾಷೆಯಲ್ಲೇ ಮಾತಾಡಿಕೊಂಡು ಬಂದಿದ್ದಾರೆ. ಒಬ್ಬರ ಮಾತು ಮುಗಿಯಲಿ ಅಂತ ಇನ್ನೊಬ್ಬರು ಕಾದದ್ದನ್ನು ನಾನು ಕಂಡಿಲ್ಲ. ದೋಣಿಯಲ್ಲಿ ಎರ್ನಾಕುಳಂ ಪೇಟೆಗೆ ಹೋಗಿಬರುತ್ತಿದ್ದ ಕಾಲದ ಕಥೆಗಳನ್ನು ಅವರ ಬಾಯಿಂದಲೇ ಕೇಳಿ ಉಳಿಸಿಕೊಳ್ಳಬೇಕು ಅಂತ ಒಂದು ಮಧ್ಯಾಹ್ನ ಫೋನ್ ಇಟ್ಟು ಒಂದು ಗಂಟೆ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಹಾಕಿ ಕೇಳಿದರೆ ಎರಡೂ ದನಿ ಕಲಸಿ ಹೋಗಿದ್ದವು. ಎದುರು ಕೂತಿದ್ದಾಗ ನನ್ನ ಕಿವಿಗೆ ಎಲ್ಲವೂ ತಿಳಿದಿತ್ತು. ಫೋನಿಗೆ ತಿಳಿದಿರಲಿಲ್ಲ.

ಆ ಎರಡು ದನಿಗಳನ್ನು ಬೇರೆ ಮಾಡಲು ಹೋಗಿ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಬೇಕಾದದ್ದು ಎರಡು ಮೈಕಿನ ಒಂದು ರೆಕಾರ್ಡರ್, ಸಾಧಾರಣ ಲ್ಯಾಪ್‌ಟಾಪ್, ಸ್ವಲ್ಪ ಪೈಥಾನ್, ಹೈಸ್ಕೂಲಿನ ಗಣಿತ, ಮತ್ತೆ ಎರಡು ಹತ್ತಿಯ ಹಾಸಿಗೆ.

ಹೊಸಬರೆಲ್ಲ ಮೊದಲು ಗದ್ದಲದ ಮೇಲೆ ಯುದ್ಧಕ್ಕೆ ಹೋಗುತ್ತಾರೆ. ನಾನೂ ಹೋದೆ. ಫ್ಯಾನಿನ ಸದ್ದು, ರಸ್ತೆಯ ಹಾರ್ನು, ಕಾಗೆ. ಆದರೆ ಇವೆಲ್ಲ ಹೊರಗಿನವು, ಗುರುತು ಹಿಡಿಯಬಹುದು. ಕಷ್ಟದ್ದು ಅನುರಣನ. ಬೆಟ್ಟದ ಎದುರು ಕೂಗಿದರೆ ಬಿಡಿಯಾಗಿ ತಿರುಗಿ ಬರುವುದು ಪ್ರತಿಧ್ವನಿ. ಕೋಣೆಯೊಳಗೆ ಅಂಥ ಸಾವಿರಾರು ಪ್ರತಿಧ್ವನಿಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಬಾಲದ ಹಾಗೆ ಎಳೆಯುವುದು ಅನುರಣನ. ಅದೂ ದೊಡ್ಡಮ್ಮನ ದನಿಯೇ, ತಡವಾಗಿ ಬಂದದ್ದು ಅಷ್ಟೆ. ಹಾಗಾಗಿ ದೊಡ್ಡಮ್ಮನನ್ನು ಉಳಿಸಿಕೊಂಡು ಅದೊಂದನ್ನೇ ತೆಗೆಯುವುದು ಸುಲಭವಿಲ್ಲ. ಈ ಕೆಲಸದ ಅರ್ಧ ಕೋಣೆಯಲ್ಲೇ ಆಗಬೇಕು. ಕಂಪ್ಯೂಟರಿಗೆ ಉಳಿಯುವುದು ಮಿಕ್ಕರ್ಧ.

ಹಂತ 1: ಚಪ್ಪಾಳೆ ತಟ್ಟಿ, ಕೋಣೆಯನ್ನು ಅಳೆಯಿರಿ

ಕೋಣೆಯ ನಡುವೆ ನಿಂತು ಒಂದೇ ಒಂದು ಗಟ್ಟಿ ಚಪ್ಪಾಳೆ ಹೊಡೆಯಿರಿ. ಸದ್ದು ತಟ್ಟನೆ ನಿಂತರೆ ನೀವು ಅದೃಷ್ಟವಂತರು. ಝೇಂಕರಿಸುತ್ತಾ ಉಳಿದರೆ ಎಷ್ಟು ಹೊತ್ತು ಉಳಿಯಿತು ಅಂತ ಗಮನಿಸಿ. ಸದ್ದು 60 ಡೆಸಿಬೆಲ್ ಕುಗ್ಗಲು ಹಿಡಿಯುವ ಹೊತ್ತಿಗೆ ಅನುರಣನ ಕಾಲ ಎಂದು ಹೆಸರು.

ಇದನ್ನು ಲೆಕ್ಕ ಹಾಕಲು ಬರುತ್ತದೆ ಅಂತ ತೋರಿಸಿದವನು ಹಾರ್ವರ್ಡ್‌ನ ವಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಫಾಗ್ ಮ್ಯೂಸಿಯಂನ ಉಪನ್ಯಾಸ ಕೋಣೆಯಲ್ಲಿ ಮಾತೇ ಅರ್ಥವಾಗುತ್ತಿಲ್ಲ, ಏನಾದರೂ ಮಾಡು ಎಂದು ಅವನಿಗೆ ಹೇಳಿದರು. ಅವನು ರಾತ್ರಿ ಹೊತ್ತು ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನು ಹೊತ್ತು ತರಿಸಿ, ಆರ್ಗನ್ ಕೊಳವೆ ಊದಿಸಿ, ಸ್ಟಾಪ್‌ವಾಚ್ ಹಿಡಿದು, ಮೆತ್ತೆ ಹೆಚ್ಚಾದಂತೆ ಸದ್ದು ಎಷ್ಟು ಬೇಗ ಸಾಯುತ್ತದೆ ಅಂತ ಅಳೆದ. ಅವನ ಅಳತೆಗೋಲು ತೆರೆದ ಕಿಟಕಿ. ತೆರೆದ ಕಿಟಕಿಗೆ ಹೋದ ಸದ್ದು ವಾಪಸ್ ಬರುವುದಿಲ್ಲವಲ್ಲ, ಅದಕ್ಕೆ ಒಂದು ಚದರ ಮೀಟರ್ ತೆರೆದ ಕಿಟಕಿ ಎಂದರೆ ಪೂರ್ತಿ ಒಂದು ಅಂಕ.

ಸೂತ್ರ ಚಿಕ್ಕದು. ಕೋಣೆಯ ಘನಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿ. ದೊಡ್ಡಮ್ಮನ ಚಾವಡಿ 6 ಮೀಟರ್ ಉದ್ದ, 5 ಅಗಲ, 3 ಎತ್ತರ ಎಂದಿಟ್ಟುಕೊಳ್ಳಿ, ಅಂದರೆ 90 ಘನ ಮೀಟರ್. ನೆಲ, ತಾರಸಿ, ನಾಲ್ಕು ಗೋಡೆ ಸೇರಿ 126 ಚದರ ಮೀಟರ್. ನುಣ್ಣನೆಯ ಗಾರೆ ತನ್ನ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಮೂರರಷ್ಟನ್ನು ಮಾತ್ರ ಹೀರುತ್ತದೆ ಎಂದು ಹಿಡಿದರೆ ಹೀರಿಕೆ 3.78. ಅನುರಣನ ಕಾಲ ಸುಮಾರು 3.8 ಸೆಕೆಂಡ್! ಇಷ್ಟು ಹೊತ್ತಿನಲ್ಲಿ ದೊಡ್ಡಮ್ಮ ಹತ್ತು ಪದ ಆಡಿ ಮುಗಿಸುತ್ತಾರೆ. ಆ ಹತ್ತೂ ಪದ ಒಂದರ ಮೇಲೊಂದು ಬಿದ್ದಿರುತ್ತವೆ.

ಈಗ ಒಂದೂವರೆ ಚದರ ಮೀಟರಿನ ಎರಡು ಕಿಟಕಿ ತೆರೆಯಿರಿ. ಹೀರಿಕೆಗೆ 3 ಸೇರಿತು, ಕಾಲ 2.1 ಸೆಕೆಂಡಿಗೆ ಇಳಿಯಿತು. ಮನುಷ್ಯನ ಮೈ, ಬಟ್ಟೆ ಸೇರಿ ಸುಮಾರು ಅರ್ಧ ಅಂಕ. ನಾಲ್ಕು ಜನ ಕೂತರೆ 1.65. ಎರಡು ಹತ್ತಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿದರೆ ಇನ್ನೆರಡು ಅಂಕ, 1.34 ಸೆಕೆಂಡ್. ಒಂದು ಪೈಸೆ ಖರ್ಚಿಲ್ಲದೆ ಮೂರರಲ್ಲಿ ಎರಡು ಪಾಲು ಬಾಲ ಕತ್ತರಿಸಿ ಬಿತ್ತು. ನಾಳೆ ಯಾವ ಸಾಫ್ಟ್‌ವೇರ್ ಬಂದರೂ ಇಷ್ಟು ಅಗ್ಗದಲ್ಲಿ ಇದನ್ನು ಮಾಡಿಕೊಡಲಾರದು.

ಹಂತ 2: ಜಾಗ, ಹೊತ್ತು ಆರಿಸಿ

ಕಿಟಕಿ ತೆರೆದರೆ ಬಾಲ ಕಡಿಮೆಯಾಗುತ್ತದೆ, ಬೀದಿ ಒಳಗೆ ಬರುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕು. ಬೀದಿ ಮಲಗಿರುವ ಮಧ್ಯಾಹ್ನ ಎರಡೂವರೆಗೆ ನಾನು ಕಿಟಕಿ ತೆರೆದೇ ಇಡುತ್ತೇನೆ. ಬೆಳಿಗ್ಗೆ, ಸಂಜೆಯಾದರೆ ಮುಚ್ಚಿ, ಇನ್ನೆರಡು ಹಾಸಿಗೆ ತರಿಸುತ್ತೇನೆ. ಫ್ಯಾನ್ ಆರಿಸುವುದಂತೂ ಕಡ್ಡಾಯ. ಸೆಕೆಯಾದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು ಕೊಡಿ. ಜೂನ್ ತಿಂಗಳಲ್ಲಿ ಕೇರಳದಲ್ಲಿ ರೆಕಾರ್ಡಿಂಗಿಗೆ ಕೂರಬೇಡಿ. ಹೆಂಚಿನ ಮನೆಯಾದರೆ ಮಳೆಯ ಸದ್ದು ಒಂದು ದಿಕ್ಕಿನಿಂದ ಬರುವುದಿಲ್ಲ, ಇಡೀ ಸೂರಿನಿಂದ ಬರುತ್ತದೆ. ಮುಂದೆ ಹೇಳುವ ಉಪಾಯವೆಲ್ಲ ದಿಕ್ಕನ್ನು ನಂಬಿದ್ದು. ದಿಕ್ಕಿಲ್ಲದ ಸದ್ದಿಗೆ ಅದರಲ್ಲಿ ಮದ್ದಿಲ್ಲ.

ತಿರುವನಂತಪುರದಲ್ಲಿ ಪದ್ಮನಾಭಸ್ವಾಮಿ ದೇವಸ್ಥಾನದ ಹತ್ತಿರದ ನವರಾತ್ರಿ ಮಂಟಪವನ್ನು ಒಮ್ಮೆ ಮನಸ್ಸಿಟ್ಟು ನೋಡಿ. ಒಂಬತ್ತು ದಿನ ಸ್ವಾತಿ ತಿರುನಾಳರ ಕೃತಿಗಳನ್ನು ಹಾಡುವ ಜಾಗ ಅದು. ಮೇಲೆ ಬಾಯಿ ಕೆಳಗಾಗಿ ತೂಗುಬಿಟ್ಟ ಮಣ್ಣಿನ ಮಡಕೆಗಳಿವೆ. ಕಿರುಬಾಯಿಯ ಮಡಕೆಗೆ ತನ್ನದೇ ಒಂದು ಸ್ವರ ಇರುತ್ತದೆ, ಬಾಯಿಗೆ ಊದಿದರೆ ಕೇಳುವ ಸ್ವರ. ಅದೇ ಸ್ವರ ಕೋಣೆಯಲ್ಲಿ ಮೊಳಗಿದಾಗ ಮಡಕೆ ಅದನ್ನು ಒಳಗೆಳೆದುಕೊಳ್ಳುತ್ತದೆ. ಸದ್ದನ್ನು ಪಳಗಿಸಲು ಮೊದಲು ಕೋಣೆಯನ್ನು ಪಳಗಿಸಬೇಕೆಂದು ಅದನ್ನು ಕಟ್ಟಿದವರಿಗೆ ಗೊತ್ತಿತ್ತು.

ಬೆರೆತ ಸದ್ದು ಬಿಡಿಸುವ ಕೆಲಸವನ್ನೇ ದಿನನಿತ್ಯ ಮಾಡುವವರು ಕೊಚ್ಚಿಯ ತೃಕ್ಕಾಕ್ಕರದಲ್ಲಿದ್ದಾರೆ. ಅಲ್ಲಿರುವುದು ರಕ್ಷಣಾ ಸಂಶೋಧನಾ ಸಂಸ್ಥೆಯ ಎನ್‌ಪಿಒಎಲ್, ನಮ್ಮ ನೌಕಾಪಡೆಯ ಸೋನಾರ್‌ಗಳನ್ನು ರೂಪಿಸುವ ಪ್ರಯೋಗಾಲಯ. ಆಳ ಕಡಿಮೆಯಿರುವ ಕರಾವಳಿಯ ಸಮುದ್ರವೂ ಒಂದು ಅನುರಣಿಸುವ ಕೋಣೆ. ಮೇಲೆ ನೀರಿನ ಮುಖ ತಾರಸಿ, ಕೆಳಗೆ ತಳ ನೆಲ, ನಡುವೆ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುವ ಸದ್ದು. ಹಡಗಿನ ಎಂಜಿನ್, ಚಟಪಟ ಎನ್ನುವ ಸಿಗಡಿ, ಅಲೆ, ಎಲ್ಲ ಬೆರೆತಿರುತ್ತವೆ. ಅಂಥವರೂ ತಮ್ಮ ಸಾಧನಗಳನ್ನು ಪರೀಕ್ಷಿಸಲು ಬೆಟ್ಟ ಹತ್ತಿ ಇಡುಕ್ಕಿ ಜಲಾಶಯದ ಕುಳಮಾವಿಗೆ ಹೋಗುತ್ತಾರೆ. 2024ರಲ್ಲಿ ಅಲ್ಲಿ ಸ್ಪೇಸ್ ಎಂಬ ಹೆಸರಿನ ಪರೀಕ್ಷಾ ವೇದಿಕೆಯೂ ಬಂತು. ಶಾಂತ ನೀರಿನಲ್ಲಿ ಸಾಧನದ ಗುಣ ತಿಳಿದ ಮೇಲೆ ಗದ್ದಲದ ಸಮುದ್ರ. ನೀವೂ ಮೊದಲ ಪ್ರಯೋಗವನ್ನು ಮದುವೆ ಮನೆಯಲ್ಲಿ ಮಾಡಬೇಡಿ. ಮಲಗುವ ಕೋಣೆಯಲ್ಲಿ, ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಮಾಡಿ.

ಹಂತ 3: ಮೈಕು ಎಲ್ಲಿಡಬೇಕು

ಎಷ್ಟು ದನಿಯೋ ಅಷ್ಟು ಮೈಕು. ಇಬ್ಬರಿಗೆ ಕನಿಷ್ಠ ಎರಡು. ಎರಡೂ ಮೈಕು ಒಂದೇ ಸಾಧನಕ್ಕೆ ಸೇರಿರಬೇಕು. ಇಲ್ಲಿ ನಾನು ಎಡವಿ ಒಂದಿಡೀ ದಿನದ ರೆಕಾರ್ಡಿಂಗ್ ಕಳೆದುಕೊಂಡೆ, ನಿಮಗೆ ಹಾಗಾಗಬಾರದು. ಎರಡನೇ ಸಲ ಹೋದಾಗ ಎರಡು ಫೋನ್ ಇಟ್ಟಿದ್ದೆ, ಎರಡು ಮೈಕು ಆಯಿತಲ್ಲ ಅಂತ. ಫೋನಿನೊಳಗಿನ ಗಡಿಯಾರಗಳು ಒಂದಕ್ಕೊಂದು ಸರಿಹೊಂದಿರುವುದಿಲ್ಲ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸವಿದ್ದರೂ ಹತ್ತು ನಿಮಿಷದಲ್ಲಿ 12 ಮಿಲಿಸೆಕೆಂಡ್ ಹಿಂದುಮುಂದಾಗುತ್ತದೆ. 20 ಸೆಂಟಿಮೀಟರ್ ಅಂತರದ ಎರಡು ಮೈಕುಗಳನ್ನು ಸದ್ದು ದಾಟಲು ಕೊಚ್ಚಿಯ ಸೆಕೆಯಲ್ಲಿ ಬೇಕಾದದ್ದು 0.57 ಮಿಲಿಸೆಕೆಂಡ್ ಮಾತ್ರ. ಈ ಅರ್ಧ ಮಿಲಿಸೆಕೆಂಡಿನಲ್ಲೇ ಯಾರು ಎಡಕ್ಕೆ, ಯಾರು ಬಲಕ್ಕೆ ಎಂಬ ಗುಟ್ಟು ಇರುವುದು. ಗಡಿಯಾರ ಜಾರಿದರೆ ಗುಟ್ಟೂ ಹೋಯಿತು.

ಇನ್ನು ದೂರ. ಬಾಯಿಯಿಂದ ನೇರ ಬಂದ ಸದ್ದೂ ಗೋಡೆಗೆ ಬಡಿದು ಬಂದ ಸದ್ದೂ ಸರಿಸಮ ಆಗುವ ದೂರವೊಂದು ಪ್ರತಿ ಕೋಣೆಗೂ ಇದೆ. ಘನಅಳತೆಯನ್ನು ಅನುರಣನ ಕಾಲದಿಂದ ಭಾಗಿಸಿ, ವರ್ಗಮೂಲ ತೆಗೆದು, 0.057ರಿಂದ ಗುಣಿಸಿದರೆ ಅದು ಮೀಟರಿನಲ್ಲಿ ಸಿಗುತ್ತದೆ. ಬೋಳು ಚಾವಡಿಯಲ್ಲಿ ಅದು 28 ಸೆಂಟಿಮೀಟರ್, ಒಂದು ಗೇಣಿಗಿಂತ ಚೂರು ಹೆಚ್ಚು. ಹಾಸಿಗೆ ಒರಗಿಸಿ, ಕಿಟಕಿ ತೆರೆದ ಮೇಲೆ 47 ಸೆಂಟಿಮೀಟರ್, ಅಂದರೆ ಒಂದು ಮೊಳ. ಮೊದಲ ದಿನ ನನ್ನ ಫೋನ್ ಇದ್ದದ್ದು ಎರಡು ಮೀಟರ್ ದೂರದ ಕಿಟಕಿ ಕಟ್ಟೆಯ ಮೇಲೆ. ಅದಕ್ಕೆ ಮುಟ್ಟಿದ್ದು ದೊಡ್ಡಮ್ಮನ ದನಿಗಿಂತ ಹೆಚ್ಚಾಗಿ ಗೋಡೆಯ ದನಿ. ಗೇಣು, ಮೊಳ ಎಂಬ ಲೆಕ್ಕವನ್ನೇ ನೆನಪಿಟ್ಟುಕೊಳ್ಳಿ, ಟೇಪು ಹುಡುಕುವ ಗೊಡವೆ ಬೇಡ. ಮೈಕು ಬಾಯಿಯಿಂದ ಒಂದು ಮೊಳ ಮೀರಬಾರದು.

ಇಬ್ಬರನ್ನೂ ಎದುರುಬದುರು ಕೂರಿಸಿ, ನಡುವೆ ಸ್ಟೂಲಿನ ಮೇಲೆ ದಪ್ಪ ಟವೆಲ್ ಹಾಸಿ ರೆಕಾರ್ಡರ್ ಇಡಿ. ಒಂದು ಮೈಕು ಒಬ್ಬರ ಕಡೆಗೆ, ಇನ್ನೊಂದು ಇನ್ನೊಬ್ಬರ ಕಡೆಗೆ. ರೆಕಾರ್ಡರನ್ನು ಅಡ್ಡಕ್ಕೆ ತಿರುಗಿಸಿ ಇಟ್ಟರೆ ಇಬ್ಬರ ದನಿಯೂ ಎರಡೂ ಮೈಕಿಗೆ ಒಂದೇ ಹೊತ್ತಿಗೆ ತಲುಪಿ, ಅವರ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಕಾಲರಿಗೆ ಸಿಕ್ಕಿಸುವ ಎರಡು ಮೈಕು ಒಂದೇ ರೆಕಾರ್ಡರಿಗೆ ಹಾಕಿಕೊಳ್ಳಲು ಆದರೆ ಎಲ್ಲಕ್ಕಿಂತ ಒಳ್ಳೆಯದು. ಸೆರಗು ಉಜ್ಜದ ಹಾಗೆ ನೋಡಿಕೊಳ್ಳಬೇಕು.

ಫೈಲು ವೇವ್ ರೂಪದಲ್ಲೇ ಇರಲಿ, 48 ಕಿಲೋಹರ್ಟ್ಸ್. ರೆಕಾರ್ಡರಿನಲ್ಲಿ ತಾನಾಗಿ ಸದ್ದು ಏರಿಸಿ ಇಳಿಸುವ ವ್ಯವಸ್ಥೆ, ಗದ್ದಲ ತಗ್ಗಿಸುವ ವ್ಯವಸ್ಥೆ ಎರಡನ್ನೂ ಆರಿಸಿ. ವಾಟ್ಸಾಪಿನಲ್ಲಿ ಕಳಿಸಿ ಪಡೆದ ಫೈಲು ಈ ಕೆಲಸಕ್ಕೆ ಬರುವುದಿಲ್ಲ. ಕುಗ್ಗಿಸುವಾಗ ಎರಡು ಮೈಕುಗಳ ನಡುವಿನ ಸೂಕ್ಷ್ಮ ಸಂಬಂಧ ಕೆಡುತ್ತದೆ. ಆರಂಭದಲ್ಲಿ ಹತ್ತು ಸೆಕೆಂಡ್ ಎಲ್ಲರೂ ಸುಮ್ಮನಿರಿ. ಆಮೇಲೆ ಒಬ್ಬೊಬ್ಬರೇ ಅರ್ಧ ನಿಮಿಷ ಮಾತಾಡಲಿ. ಈ ಮೂರು ತುಣುಕು ಕೊನೆಯಲ್ಲಿ ಬೇಕಾಗುತ್ತವೆ.

ಹಂತ 4: ಒಳಗೆ ನಡೆಯುವುದೇನು, ಒಮ್ಮೆ ತಿಳಿದುಕೊಳ್ಳಿ

ಗುಂಪಿನಲ್ಲಿ ಒಬ್ಬರ ಮಾತನ್ನೇ ಕಿವಿ ಹೇಗೆ ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ 1953ರಲ್ಲಿ ಕಾಲಿನ್ ಚೆರ್ರಿ ಕಾಕ್‌ಟೇಲ್ ಪಾರ್ಟಿ ಸಮಸ್ಯೆ ಎಂದು ಹೆಸರಿಟ್ಟ. ನಮಗೆ ಮದುವೆ ಊಟದ ಪಂಕ್ತಿ ಅಂದರೆ ಸಾಕು.

ಕೋಣೆಗೆ ಗೋಡೆಯೇ ಇಲ್ಲ ಎಂದುಕೊಳ್ಳಿ. ಒಂದನೇ ಮೈಕಿಗೆ ದೊಡ್ಡಮ್ಮನ ದನಿ ಮುಕ್ಕಾಲು, ಅಜ್ಜಿಯ ದನಿ ಕಾಲು. ಎರಡನೆಯದಕ್ಕೆ ಅದರ ತಿರುಗು. ಎರಡು ಸಮೀಕರಣ, ಎರಡು ಅಜ್ಞಾತ, ಹೈಸ್ಕೂಲಿನ ಲೆಕ್ಕ. ತೊಂದರೆ ಏನೆಂದರೆ ಮುಕ್ಕಾಲು, ಕಾಲು ಎಂಬ ಪ್ರಮಾಣವೂ ನಮಗೆ ಗೊತ್ತಿಲ್ಲ. ಇಲ್ಲಿ ನೆರವಿಗೆ ಬರುವುದು ಒಂದು ಸುಂದರ ಸಂಗತಿ. ಒಬ್ಬರೇ ಆಡುವ ಮಾತಿನ ಅಲೆ ನೋಡಿ. ಹೆಚ್ಚು ಹೊತ್ತು ಸೊನ್ನೆಯ ಹತ್ತಿರ, ನಡುನಡುವೆ ಚೂಪಾದ ಏರು. ಹಲವರ ಮಾತು ಬೆರೆಸಿದಷ್ಟೂ ಆ ಚೂಪು ಹೋಗಿ, ಸಂಖ್ಯೆಗಳ ಹಂಚಿಕೆ ದೇವಸ್ಥಾನದ ಗಂಟೆಯ ಆಕಾರಕ್ಕೆ ಬರುತ್ತದೆ. ಹಾಗಾದರೆ ಪ್ರಮಾಣಗಳನ್ನು ತಿರುಗಿಸುತ್ತಾ ಹೋಗಿ, ಹೊರಬರುವ ದನಿ ಗಂಟೆಯಾಕಾರದಿಂದ ಆದಷ್ಟೂ ದೂರವಾದಾಗ ನಿಲ್ಲಿಸಿದರೆ ಒಬ್ಬೊಬ್ಬರೇ ಸಿಗುತ್ತಾರೆ. ಇದಕ್ಕೆ ಸ್ವತಂತ್ರ ಘಟಕಗಳ ವಿಶ್ಲೇಷಣೆ ಎಂದು ಹೆಸರು. ಪಿಯರ್ ಕೊಮೊನ್ 1994ರಲ್ಲಿ ಇದಕ್ಕೆ ಗಟ್ಟಿ ಗಣಿತ ಕೊಟ್ಟರು. ಕನ್ನಡವೋ, ಕೊಂಕಣಿಯೋ, ಮಲಯಾಳವೋ ಎಂದು ಅದು ಕೇಳುವುದಿಲ್ಲ. ಚಿಕ್ಕ ಭಾಷೆಗಳ ನಮಗೆ ಇದು ದೊಡ್ಡ ಅನುಕೂಲ.

ಈಗ ಗೋಡೆಗಳನ್ನು ವಾಪಸ್ ತನ್ನಿ. ಸೆಕೆಂಡಿಗೆ 16,000 ಮಾದರಿಯ ಲೆಕ್ಕದಲ್ಲಿ 1.34 ಸೆಕೆಂಡಿನ ಬಾಲ ಎಂದರೆ ಒಂದು ಬಾಯಿಯಿಂದ ಒಂದು ಮೈಕಿನ ದಾರಿಗೆ 21 ಸಾವಿರಕ್ಕೂ ಹೆಚ್ಚು ಅಜ್ಞಾತಗಳು. ಎರಡು ಬಾಯಿ, ಎರಡು ಮೈಕು, ನಾಲ್ಕು ದಾರಿ. ಎಂಬತ್ತೈದು ಸಾವಿರ! ಅದಕ್ಕೆ ಸದ್ದನ್ನು ಚಿಕ್ಕ ಚಿಕ್ಕ ಕಾಲತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಕಂಪನಾಂಕಗಳಾಗಿ ಬಿಡಿಸುತ್ತೇವೆ. ತುಂಡು ಬಾಲಕ್ಕಿಂತ ಉದ್ದವಾಗಿದ್ದರೆ, ಪ್ರತಿ ಕಂಪನಾಂಕದಲ್ಲೂ ಮತ್ತೆ ಆ ಹಳೆಯ ಎರಡು ಸಮೀಕರಣದ ಲೆಕ್ಕವೇ ಉಳಿಯುತ್ತದೆ.

ಆದರೆ 4096 ಮಾದರಿಯ ತುಂಡಿನಲ್ಲಿ 2049 ಕಂಪನಾಂಕಗಳು, 2049 ಬೇರೆಬೇರೆ ಲೆಕ್ಕ. ಪ್ರತಿಯೊಂದರಲ್ಲೂ ಎರಡು ಉತ್ತರ ಬರುತ್ತದೆ, ಯಾವುದು ದೊಡ್ಡಮ್ಮ ಎಂದು ಬರೆದಿರುವುದಿಲ್ಲ. 300 ಹರ್ಟ್ಸಿನಲ್ಲಿ ಮೊದಲ ಉತ್ತರ ದೊಡ್ಡಮ್ಮ, 310ರಲ್ಲಿ ಅಜ್ಜಿ. ಹಾಗೇ ಜೋಡಿಸಿದರೆ ಇಬ್ಬರ ಮಾತನ್ನೂ ಕತ್ತರಿಸಿ ಹೆಣೆದ ಚಾಪೆಯಂಥ ಸದ್ದು ಬರುತ್ತದೆ. ಇದು ಈ ವಿದ್ಯೆಯ ಹಳೆಯ ತಲೆನೋವು, ಅದಲುಬದಲಿನ ಸಮಸ್ಯೆ. ಇದಕ್ಕೆ 2006ರಲ್ಲಿ ಅಟ್ಸುವೊ ಹಿರೋಯೆ ಒಂದು ಕಡೆ, ಟೇಸು ಕಿಮ್ ಮತ್ತು ಜೊತೆಗಾರರು ಇನ್ನೊಂದು ಕಡೆ ಒಂದೇ ಉತ್ತರ ಕಂಡುಕೊಂಡರು. ಒಬ್ಬರು ಬಾಯಿ ತೆರೆದರೆ ಅವರ ಎಲ್ಲ ಕಂಪನಾಂಕಗಳೂ ಒಟ್ಟಿಗೆ ಏಳುತ್ತವೆ, ಬಾಯಿ ಮುಚ್ಚಿದರೆ ಒಟ್ಟಿಗೆ ಬೀಳುತ್ತವೆ. ಒಟ್ಟಿಗೆ ಏಳುಬೀಳುವವೆಲ್ಲ ಒಂದೇ ಮನೆಯವು ಎಂದು ಹಿಡಿದು ಎಲ್ಲ ಲೆಕ್ಕವನ್ನೂ ಒಟ್ಟಾಗಿ ಬಿಡಿಸಿದರೆ ಅದಲುಬದಲು ಆಗುವುದಿಲ್ಲ. ಇದರ ಹೆಸರು ಐವಿಎ. 2011ರಲ್ಲಿ ನೊಬುಟಾಕಾ ಒನೊ ಇದನ್ನು ವೇಗವಾಗಿ ಓಡುವಂತೆ ಮಾಡಿದರು, ಅದು ಆಕ್ಸ್‌ಐವಿಎ. ನಾವು ಬಳಸುವುದು ಅದನ್ನೇ.

ಹಂತ 5: ಸುಳ್ಳು ಕೋಣೆಯಲ್ಲಿ ಅಭ್ಯಾಸ

ನೇರ ನಿಜವಾದ ರೆಕಾರ್ಡಿಂಗಿಗೆ ಹಾರಬೇಡಿ. ಪೈಥಾನಿನಲ್ಲಿ ಪೈರೂಮ್‌ಅಕೌಸ್ಟಿಕ್ಸ್ ಎಂಬ ಉಚಿತ ಪ್ಯಾಕೇಜ್ ಇದೆ. ಅದರ ಇನ್ವರ್ಸ್ ಸಬೀನ್ ಎಂಬ ಫಂಕ್ಷನ್‌ಗೆ ಕೋಣೆಯ ಅಳತೆ, ಬೇಕಾದ ಅನುರಣನ ಕಾಲ ಕೊಟ್ಟರೆ ಗೋಡೆಗಳ ಹೀರಿಕೆ ಎಷ್ಟಿರಬೇಕೆಂದು ಹೇಳುತ್ತದೆ. ಶೂಬಾಕ್ಸ್ ಎಂಬುದು ಅಂಥ ಕೋಣೆಯನ್ನು ಕಟ್ಟಿಕೊಡುತ್ತದೆ. ಅದರಲ್ಲಿ ಎರಡು ಬಿಡಿ ದನಿಗಳನ್ನು ಎರಡು ಕಡೆ ಇಟ್ಟು, ಎರಡು ಮೈಕಿಟ್ಟು, ಬೆರೆಸಿ.

ಮೊದಲು ಅನುರಣನ ಕಾಲ 0.2 ಸೆಕೆಂಡ್ ಇಟ್ಟು ಬಿಡಿಸಿ ನೋಡಿ. ದನಿಗಳು ಹೆಚ್ಚುಕಡಿಮೆ ಪೂರ್ತಿ ಬೇರೆಯಾದದ್ದು ಕೇಳಿ ಖುಷಿಯಾಗುತ್ತದೆ. ಆಮೇಲೆ 0.4, 0.8, 1.3 ಎಂದು ಏರಿಸುತ್ತಾ ಹೋಗಿ. ಪ್ರತಿ ಮೆಟ್ಟಿಲಿಗೂ ಒಬ್ಬರ ಮಾತಿನ ಹಿಂದೆ ಇನ್ನೊಬ್ಬರ ನೆರಳು ಗಾಢವಾಗುವುದು ಕೇಳುತ್ತದೆ. ಅರ್ಧ ಗಂಟೆಯ ಈ ಅಭ್ಯಾಸ ಮಾಡಿದವರು ಮತ್ತೆಂದೂ ಹಾಸಿಗೆ ಹೊರಲು ಬೇಸರ ಪಡುವುದಿಲ್ಲ.

ಹಂತ 6: ನಿಜವಾದ ರೆಕಾರ್ಡಿಂಗ್ ಬಿಡಿಸಿ

ಮೊದಲು ಆಡಾಸಿಟಿ ಎಂಬ ಸದ್ದು ತಿದ್ದುವ ಸಾಫ್ಟ್‌ವೇರ್‌ನಲ್ಲಿ ಫೈಲು ತೆರೆದು 16 ಕಿಲೋಹರ್ಟ್ಸಿಗೆ ಇಳಿಸಿ. ಮಾತಿಗೆ ಅಷ್ಟು ಸಾಕು, ಲೆಕ್ಕ ಮೂರರಲ್ಲಿ ಒಂದಾಗುತ್ತದೆ. ಮೂಲ ಫೈಲಿನ ಒಂದು ಪ್ರತಿಯನ್ನು ಮುಟ್ಟದೆ ಬೇರೆ ಇಡಿ.

ಆಮೇಲೆ ಬಾಲ ಕತ್ತರಿಸಿ. ಇದಕ್ಕೆ ಡಬ್ಲ್ಯುಪಿಇ ಎಂಬ ವಿಧಾನ, ನಾರಾ ಡಬ್ಲ್ಯುಪಿಇ ಎಂಬ ಉಚಿತ ಪ್ಯಾಕೇಜಿನಲ್ಲಿದೆ. ಬಾಲ ಎಂದರೆ ಈಗಾಗಲೇ ಆಡಿದ ಮಾತಿನ ಉಳಿಕೆ, ಹಾಗಾಗಿ ಹಿಂದಿನ ತುಂಡುಗಳನ್ನು ನೋಡಿ ಈಗಿನ ಬಾಲ ಎಷ್ಟಿರಬಹುದೆಂದು ಊಹಿಸಿ ಕಳೆಯಬಹುದು. ತೀರಾ ಹತ್ತಿರದ ತುಂಡುಗಳಿಂದ ಊಹಿಸಲು ಬಿಟ್ಟರೆ ಮಾತನ್ನೇ ಕಳೆದುಬಿಡುತ್ತದೆ, ಅದಕ್ಕೆ ಮೂರು ತುಂಡು ಹಿಂದಿನಿಂದ ಶುರು ಮಾಡುತ್ತಾರೆ. 512 ಮಾದರಿಯ ತುಂಡು, 128ರ ಹೆಜ್ಜೆ, ಹಿಂದಿನ ಹತ್ತು ತುಂಡು, ಮೂರು ಸುತ್ತು. ಇಷ್ಟರಿಂದ ಆರಂಭಿಸಿ. ಬಾಲ ಉದ್ದವಿದ್ದರೆ ಹತ್ತನ್ನು ಇಪ್ಪತ್ತು ಮಾಡಿ.

ಈಗ ಆಕ್ಸ್‌ಐವಿಎ. ಇಲ್ಲಿ ತುಂಡಿನ ಉದ್ದವೇ ಮುಖ್ಯ ಗುಂಡಿ. 4096 ಮಾದರಿ, ಅಂದರೆ 256 ಮಿಲಿಸೆಕೆಂಡ್, ಅರ್ಧದಷ್ಟು ಹೆಜ್ಜೆ, ಐವತ್ತು ಸುತ್ತು. ಬಾಲ ಉದ್ದವಿದೆಯಲ್ಲ, ತುಂಡನ್ನೂ ಒಂದು ಸೆಕೆಂಡ್ ಮಾಡೋಣ ಎಂದು ಯಾರಿಗಾದರೂ ತೋಚುತ್ತದೆ. ಹಾಗೆ ಮಾಡಿದರೆ ಕೆಡುತ್ತದೆ. ಅರ್ಧ ನಿಮಿಷದ ಮಾತಿನಲ್ಲಿ ಆಗ ಅರವತ್ತೇ ತುಂಡು ಸಿಗುತ್ತವೆ, ಇಬ್ಬರ ಗುಣ ಕಲಿಯಲು ಅದು ಸಾಲದು. ಶೋಕೊ ಅರಾಕಿ ಮತ್ತು ಜೊತೆಗಾರರು 2003ರಲ್ಲೇ ಈ ಇಕ್ಕಟ್ಟನ್ನು ಬಿಡಿಸಿ ತೋರಿಸಿದ್ದಾರೆ. 2048, 4096, 8192, ಮೂರನ್ನೂ ಓಡಿಸಿ ಕಿವಿಗೆ ಹಿತವಾದದ್ದನ್ನು ಇಟ್ಟುಕೊಳ್ಳಿ. ಮೈಕಿಗೆ ತಿರುಗಿ ಹೊಂದಿಸುವ ಪ್ರೊಜೆಕ್ಷನ್ ಬ್ಯಾಕ್ ಆಯ್ಕೆ ಆನ್ ಇರಲಿ. ಇಲ್ಲದಿದ್ದರೆ ದನಿ ತಗಡಿನಂತೆ ಕೇಳುತ್ತದೆ.

ಇಡೀ ಗಂಟೆಯನ್ನು ಒಟ್ಟಿಗೆ ಹಾಕಬೇಡಿ. ಈ ಲೆಕ್ಕ ಇಬ್ಬರೂ ಕದಲದೆ ಕೂತಿದ್ದಾರೆ ಎಂದು ನಂಬಿದೆ. ರೆಕಾರ್ಡರ್ ಇಟ್ಟು ಮಾಡಿದ ನನ್ನ ರೆಕಾರ್ಡಿಂಗಿನಲ್ಲಿ ಹದಿನಾಲ್ಕನೇ ನಿಮಿಷದಿಂದ ಎಲ್ಲ ಮತ್ತೆ ಕಲಸಿಹೋಗುತ್ತಿತ್ತು. ಕಾರಣ ಹುಡುಕಿ ಹುಡುಕಿ, ಕೊನೆಗೆ ಹೆಡ್‌ಫೋನಿನಲ್ಲಿ ಒಂದು ಟಕ್ ಎಂಬ ಸದ್ದು ಕೇಳಿತು. ದೊಡ್ಡಮ್ಮ ಹಿಂದಕ್ಕೆ ತಿರುಗಿ ಎಲೆ ಅಡಕೆಯ ಡಬ್ಬಿ ತೆಗೆದಿದ್ದರು, ಆಮೇಲೆ ಗೋಡೆಗೆ ಒರಗಿ ಕೂತಿದ್ದರು. ಒಂದು ಮೊಳ ಹಿಂದೆ ಹೋದರೆ ಎಂಬತ್ತೈದು ಸಾವಿರದಲ್ಲಿ ಅವರ ಪಾಲಿನ ಅರ್ಧದಷ್ಟು ಸಂಖ್ಯೆಗಳೆಲ್ಲ ಬದಲು. ಅಲ್ಲಿಗೆ ಫೈಲು ಕತ್ತರಿಸಿ, ಎರಡು ಪಾಲನ್ನೂ ಬೇರೆಬೇರೆ ಬಿಡಿಸಿದೆ. ಬಂತು.

ಹಂತ 7: ಕೇಳಿ, ಆಮೇಲೆ ಮಾತ್ರ ತೊಳೆಯಿರಿ

ಒಬ್ಬೊಬ್ಬರೇ ಮಾತಾಡಿದ ಅರ್ಧ ನಿಮಿಷದ ತುಣುಕು ಈಗ ಬೇಕು. ದೊಡ್ಡಮ್ಮ ಮಾತ್ರ ಆಡಿದ ಜಾಗದಲ್ಲಿ ಅಜ್ಜಿಯ ಫೈಲಿನಲ್ಲಿ ಎಷ್ಟು ಸೋರಿದೆ ನೋಡಿ. ಬಿಡಿಸುವ ಮೊದಲಿಗಿಂತ 10 ಡೆಸಿಬೆಲ್ ಕಡಿಮೆಯಾಗಿದ್ದರೆ, ಅಂದರೆ ಶಕ್ತಿಯಲ್ಲಿ ಹತ್ತರಲ್ಲಿ ಒಂದಾಗಿದ್ದರೆ, ಮನೆಯ ಚಾವಡಿಗೆ ಅದು ಒಳ್ಳೆಯ ಫಲ. ನೆರಳು ಪೂರ್ತಿ ಹೋಗಬೇಕೆಂದು ಹಟ ಮಾಡಬೇಡಿ. ಪದ ತಿಳಿದರೆ ಸಾಕು.

ಉಳಿದ ಗಾಳಿಯ ಸುಯ್ಯೆನ್ನುವ ಸದ್ದಿಗೆ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಸಾಕು. ಆರಂಭದ ಹತ್ತು ಸೆಕೆಂಡ್ ಮೌನವನ್ನು ಮಾದರಿಯಾಗಿ ತೋರಿಸಿ, 6 ಡೆಸಿಬೆಲ್‌ನಿಂದ ಶುರು ಮಾಡಿ. ಹೆಚ್ಚಿಸಿದರೆ ಗೆಜ್ಜೆ ಉದುರಿಸಿದ ಹಾಗೆ ಕಿಣಿಕಿಣಿ ಬರುತ್ತದೆ. ಈ ತೊಳೆಯುವ ಕೆಲಸ ಯಾವತ್ತೂ ಬಿಡಿಸಿದ ಮೇಲೆಯೇ. ಮೊದಲೇ ಮಾಡಿದರೆ ಎರಡು ಮೈಕುಗಳನ್ನು ಬೇರೆಬೇರೆ ಬಗೆಯಲ್ಲಿ ಕೆರೆದಂತಾಗಿ ಮುಂದಿನ ಲೆಕ್ಕ ನಿಲ್ಲುವುದಿಲ್ಲ.

ಕೆಲವು ಕಡೆ ಈ ದಾರಿ ನಡೆಯುವುದೇ ಇಲ್ಲ. ತ್ರಿಪ್ಪೂಣಿತ್ತುರದ ಪೂರ್ಣತ್ರಯೀಶ ದೇವಸ್ಥಾನದ ಉತ್ಸವದಲ್ಲಿ ಪಂಚವಾದ್ಯ ಕೇಳಿದವರಿಗೆ ತಿಮಿಲೆ, ಮದ್ದಳ, ಇಡಕ್ಕ, ಇಲತ್ತಾಳ, ಕೊಂಬುಗಳನ್ನು ಬೇರೆಬೇರೆ ಕೇಳುವ ಆಸೆಯಾಗುವುದು ಸಹಜ. ಆದರೆ ಅವರೆಲ್ಲ ಒಂದೇ ತಾಳಕ್ಕೆ ಒಟ್ಟಿಗೆ ಏಳುತ್ತಾರೆ, ಒಟ್ಟಿಗೆ ಬೀಳುತ್ತಾರೆ. ನಮ್ಮ ಲೆಕ್ಕದ ಬುನಾದಿಯೇ ದನಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಸ್ವತಂತ್ರವಾಗಿರಬೇಕು ಎಂಬುದು. ಹಾಡಿನಿಂದ ವಾದ್ಯ ಬಿಡಿಸುವ ಡೆಮುಕ್ಸ್‌ನಂಥ ಕಲಿತ ಸಾಫ್ಟ್‌ವೇರ್‌ಗಳ ಪ್ರಸಿದ್ಧ ಮಾದರಿಗೆ ಗೊತ್ತಿರುವುದು ಹಾಡು, ಡ್ರಮ್ಸ್, ಬೇಸ್, ಇತರೆ ಎಂಬ ನಾಲ್ಕು ಡಬ್ಬಿ ಮಾತ್ರ. ತಿಮಿಲೆಗೂ ಮದ್ದಳಕ್ಕೂ ಅದರಲ್ಲಿ ಬೇರೆ ಜಾಗವಿಲ್ಲ. ಆ ಡಬ್ಬಿಗಳನ್ನು ಮಾಡುವ ಕೆಲಸ ನಮ್ಮವರಿಗಾಗಿ ಕಾದಿದೆ. ಒಂದೇ ಮೈಕಿನ ರೆಕಾರ್ಡಿಂಗಿನಿಂದ ಮಾತು ಬಿಡಿಸುವ ಕಲಿತ ಮಾದರಿಗಳೂ ಇವೆ. ಅವು ಹೆಚ್ಚಾಗಿ ಇಂಗ್ಲಿಷ್ ಓದಿನ ಮೇಲೆ ಕಲಿತವು. ನನ್ನ ಮೊದಲ ದಿನದ ಫೋನ್ ರೆಕಾರ್ಡಿಂಗನ್ನು ಅಂಥದ್ದಕ್ಕೆ ಕೊಟ್ಟು ನೋಡಿದೆ. ಎರಡೂ ಫೈಲಿನಲ್ಲಿ ಇಬ್ಬರೂ ಇದ್ದರು.

ಹಂತ 8: ಕಾಯಲು ಆಗದ ಕಿವಿಗಳಿಗೆ

ನನ್ನ ಅಮ್ಮನಿಗೆ ಶ್ರವಣಸಾಧನ ಇದೆ. ತಿರುವನಂತಪುರದಲ್ಲಿ ಬಂಧುಗಳ ಮದುವೆಗೆ ಹೋದಾಗ ಎತ್ತರದ ಆ ಹಾಲಿನಲ್ಲಿ ಅಮ್ಮ ಎಲ್ಲರ ಮುಖ ನೋಡಿ ನಗುತ್ತಾ ಕೂತಿದ್ದರು. ಒಂದು ಮಾತೂ ತಿಳಿಯುತ್ತಿರಲಿಲ್ಲ. ಸಾಧನ ಎಲ್ಲವನ್ನೂ ದೊಡ್ಡದು ಮಾಡುತ್ತದೆ, ಬಾಲವನ್ನೂ ಸೇರಿಸಿ. ಮೇಲೆ ಹೇಳಿದ ಲೆಕ್ಕವನ್ನು ಅದರೊಳಗೆ ಹಾಕಲು ಬರುವುದಿಲ್ಲವೇ ಅಂತ ಕೇಳಬಹುದು. 256 ಮಿಲಿಸೆಕೆಂಡಿನ ತುಂಡು ತುಂಬುವವರೆಗೆ ಕಾದರೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಶ್ರವಣಸಾಧನಕ್ಕೆ ಇರುವ ಬಿಡುವು ಸುಮಾರು 10 ಮಿಲಿಸೆಕೆಂಡ್ ಅಷ್ಟೇ.

ಮಕ್ಕಳ ವಿಷಯ ಇನ್ನೂ ಗಂಭೀರ. ಕೇರಳ ಸರ್ಕಾರದ ಶ್ರುತಿತರಂಗಂ ಯೋಜನೆಯಿಂದ ಎಷ್ಟೋ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಸಿಕ್ಕಿದೆ. ಒಂದೇ ಕಿವಿಗೆ ಅದಿರುವ ಮಗುವಿಗೆ ಎರಡು ಕಿವಿಯ ಅನುಕೂಲವೇ ಇಲ್ಲ. ಸಾಧಾರಣ ಅಳತೆಯ ತರಗತಿಯಲ್ಲಿ ಅನುರಣನ ಕಾಲ 0.6 ಸೆಕೆಂಡ್ ಮೀರಬಾರದು ಎನ್ನುತ್ತದೆ ಅಮೆರಿಕದ ಮಾನದಂಡ. ಗಾರೆ ಗೋಡೆಯ ನಮ್ಮ ಶಾಲಾ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಮನೆಯಲ್ಲಿ ಇಂಥ ಮಗುವೋ ಹಿರಿಯರೋ ಇದ್ದರೆ ತಿರುವನಂತಪುರದ ಆಕ್ಕುಳಂನಲ್ಲಿರುವ, 1997ರಲ್ಲಿ ಆರಂಭವಾದ ವಾಕ್ ಶ್ರವಣದ ನಿಶ್ ಸಂಸ್ಥೆ, ನಮ್ಮ ಕಡೆಯವರಾದರೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಇಂಥ ಕಡೆ ಹೋಗಿ ದೂರದ ಮೈಕು, ಅಂದರೆ ರಿಮೋಟ್ ಮೈಕ್ರೊಫೋನ್ ಬಗ್ಗೆ ಕೇಳಿ. ಮಾತಾಡುವವರು ಹಾಕಿಕೊಳ್ಳುವ ಚಿಕ್ಕ ಮೈಕು ಅದು. ರೇಡಿಯೊ ಅಲೆಯಲ್ಲಿ ನೇರ ಸಾಧನಕ್ಕೆ ಮಾತು ಕಳಿಸುತ್ತದೆ. ಒಂದು ಮೀಟರ್ ದೂರದಿಂದ 25 ಸೆಂಟಿಮೀಟರಿಗೆ ಬಂದರೆ ನೇರ ದನಿಗೆ 12 ಡೆಸಿಬೆಲ್ ಲಾಭ, ಯಾವ ಲೆಕ್ಕವೂ ಇಲ್ಲದೆ.

ಅಮ್ಮನಿಗೂ ಅಂಥ ಮೈಕು ಬಂದಿದೆ. ಈಗ ಮದುವೆಗೆ ಹೊರಡುವಾಗ ಅದನ್ನು ರಾತ್ರಿಯೇ ಚಾರ್ಜಿಗೆ ಹಾಕಿಡುತ್ತೇವೆ. ಅಮ್ಮನ ಪಕ್ಕ ಯಾರು ಕೂರುತ್ತಾರೋ ಅವರ ಕುತ್ತಿಗೆಗೆ ಹಾಕಬೇಕು, ಬಾಯಿಗೆ ಒಂದು ಗೇಣು ಕೆಳಗೆ. ಕರಿಮಣಿ ಸರಕ್ಕೆ ತಾಗಿದರೆ ಟಿಕ್ ಟಿಕ್ ಎನ್ನುತ್ತದೆ, ಸರವನ್ನು ಸೆರಗಿನೊಳಗೆ ಸೇರಿಸಿಕೊಳ್ಳಲು ಹೇಳಿ. ಊಟದ ಪಂಕ್ತಿಯಲ್ಲಿ ಗೋಡೆಗೆ ಬೆನ್ನು ಕೊಟ್ಟ ಮೂಲೆಯ ಸೀಟು ಬೇಡ, ಕಿಟಕಿಯ ಪಕ್ಕದ್ದನ್ನು ಹಿಡಿದಿಡಿ.